ಐದನೇ ತಾರೀಖಿನ ಇಪ್ಪತ್ತು ರೂಪಾಯಿ

ಜೈನಾಬಿ ಅವರೇ, ನಿಮ್ಮ ತಂದೆ ಸಾಯುವ ಮುಂಚೆ ನಿಮ್ಮ ಹೆಸರಿಗೆ ಒಮ್ಮೆಲೇ ಹಣ ಇಟ್ಟು ಹೋದರು ಎಂದು ಸವಣೂರಿನ ಬ್ಯಾಂಕಿನ ಕೌಂಟರಿನಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು. ಅದಕ್ಕೆ ಆರು ವರ್ಷ ಮೊದಲು ನಿಮ್ಮ ಹೆಸರು ಹೇಳಿಕೊಂಡು ಅವರಿಗೂ ಒಂದು ಸುಳ್ಳು ಹೇಳಿದ್ದೆ — ಅದು ಇದಕ್ಕಿಂತ ದೊಡ್ಡದು. ಎರಡನ್ನೂ ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಉಂಡು, ಮಲಗಿ, ಪಿಂಚಣಿಗೂ ಬಂದೆ.

ನನ್ನ ನೆನಪು ನಿಮಗಿರಲಿಕ್ಕಿಲ್ಲ. ದಪ್ಪ ಕನ್ನಡಕದ, ತಲೆ ಎತ್ತದೆ ಬರೆಯುತ್ತಿದ್ದ ಗುಮಾಸ್ತ. ನನ್ನ ಅಕ್ಷರ ದುಂಡಗೆ ಎಂದು ಇಡೀ ಶಾಖೆಯಲ್ಲಿ ಹೆಸರಿತ್ತು. ನನಗೂ ಅದರ ಜಂಬ ಸಣ್ಣದಿರಲಿಲ್ಲ. ಲೆಡ್ಜರಿನಲ್ಲಿ ಒಂದು ಕಾಟು ಹೊಡೆದರೆ ಅಂದು ಊಟ ರುಚಿಸುತ್ತಿರಲಿಲ್ಲ. ಅಂಥವನು ಮಾಡಿದ ಕೆಲಸ ಇದು, ನೋಡಿ.

ನಿಮ್ಮ ತಂದೆ ಇಮಾಮಸಾಬರು ಎಲೆಯ ವ್ಯಾಪಾರದವರು. ಬೆಳಿಗ್ಗೆ ಯಲವಿಗಿ ಸ್ಟೇಶನ್ನಿಗೆ ವೀಳ್ಯದೆಲೆಯ ಬುಟ್ಟಿ ಕಳಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತ ಬ್ಯಾಂಕಿಗೆ ಬರುತ್ತಿದ್ದರು. ಒಂದು ಜೂನ್ ತಿಂಗಳ ಕೊನೆಗೆ ಬಂದು, ಮಗಳ ಹೆಸರಿನಲ್ಲಿ ಖಾತೆ ತೆರೆಯಬೇಕು, ತಮ್ಮ ಖಾತೆಯಿಂದ ಅದಕ್ಕೆ ಪ್ರತಿ ತಿಂಗಳು ಐದನೇ ತಾರೀಖಿಗೆ ಇಪ್ಪತ್ತು ರೂಪಾಯಿ ಹೋಗಬೇಕು ಎಂದರು. ನಾವು ಅದನ್ನು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎನ್ನುತ್ತಿದ್ದೆವು. ಗಿರಾಕಿ ಒಮ್ಮೆ ಬರೆದುಕೊಟ್ಟರೆ ಆಯಿತು, ಆಮೇಲೆ ಪ್ರತಿ ತಿಂಗಳು ರಜಿಸ್ಟರ್ ನೋಡಿಕೊಂಡು ಗುಮಾಸ್ತನೇ ಹಣ ದಾಟಿಸುತ್ತಾನೆ. ಆ ರಜಿಸ್ಟರ್ ನನ್ನ ಕೈಯಲ್ಲಿತ್ತು.

"ಆಕಿ ತಾಯಿ ತೀರಿ ವರ್ಷಾ ತುಂಬೂದ್ರಾಗ ನಾ ಇನ್ನೊಂದು ಮದಿವಿ ಆದ್ನಿರಿ," ಎಂದು ಅವರೇ ಹೇಳಿದರು. "ನಿಮ್ಮ ರೊಕ್ಕದಾಗಿನ ಒಂದು ಪೈಸಾ ಸೈತ ಮುಟ್ಟಂಗಿಲ್ಲ ಅಂತ ಅಂದು ಹಿರೇಕೆರೂರಿಗೆ ಗಂಡನ ಮನಿಗೆ ಹ್ವಾದಾಕಿ, ತಿರುಗಿ ನೋಡಿಲ್ಲ. ಮುಟ್ಟತಾಳೋ ಇಲ್ಲೋ, ನೋಡೂಣು."

ನಿಮ್ಮ ಸಹಿ ಬೇಕಾಗಿತ್ತು. ಸಹಿಯ ಕಾರ್ಡು, ಪಾಸ್‌ಬುಕ್ಕು, ಜೊತೆಗೆ ಒಂದು ಕಾಗದ — ಮೂರನ್ನೂ ನಿಮಗೆ ಅಂಚೆಯಲ್ಲಿ ಕಳಿಸುವುದೆಂದಾಯಿತು. ಅವರಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಅವರು ಹೇಳಿದರು, ನಾನು ಬರೆದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಹಟ ಮಾಡಿದ್ದರಿಂದ ಮಾತು ಅವರದ್ದೇ ಉಳಿದಿದೆ: "ಜೈನಾ, ನಿನ್ನ ಸಿಟ್ಟು ಖರೇ ಐತಿ, ತಪ್ಪು ನಂದ. ಇದ್ರಾಗ ನೀ ಒಂದು ರೂಪಾಯಿ ತಗದ್ರೂ ಸಾಕು, ನನ್ನ ಕರದಂಗ ಅಂತ ತಿಳಕೊಂಡು ಬಸ್ ಹತ್ತಿ ಬರ್ತೇನಿ."

ಅರ್ಧ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯ ದಿನಗಳವು. ಹೊರಗೆ ಹೋಗುವ ಟಪಾಲಿಗೆ ಮೊದಲು ರಜಿಸ್ಟರಿನಲ್ಲಿ ನಂಬರು ಹಾಕುವುದು, ಆಮೇಲೆ ಲಕೋಟೆ ಅಂಟಿಸುವುದು ನಮ್ಮಲ್ಲಿನ ರೂಢಿ. ನಂಬರು ಹಾಕಿದೆ. ಲಕೋಟೆಯನ್ನು ಮೇಜಿನ ಡ್ರಾದಲ್ಲಿಟ್ಟೆ, ಸಂಜೆ ಅಂಟಿಸಿದರಾಯಿತು ಎಂದು. ಸಂಜೆ ಬೇರೆ ಯಾವುದೋ ಕೆಲಸ ಬಂತು. ರಜಿಸ್ಟರಿನ ಪ್ರಕಾರ ನಿಮ್ಮ ಕಾಗದ ಹೋಗಿತ್ತು — ಅಲ್ಲಿಗೆ ನನ್ನ ಪಾಲಿಗೂ ಅದು ಹೋದಂತೆಯೇ.

ಮುಂದಿನ ತಿಂಗಳು ಬಂದು ಕೇಳಿದರು, "ಕಾಗದಾ ಮುಟ್ಟೇತೇನ್ರಿ?" ರಜಿಸ್ಟರ್ ನೋಡಿ "ಮುಟ್ಟೇತ್ರಿ" ಎಂದೆ. ಅಲ್ಲಿಂದ ಅವರದು ಒಂದೇ ಪ್ರಶ್ನೆ. ಐದನೇ ತಾರೀಖು ದಾಟಿದ ಮೇಲೆ ಒಂದು ದಿನ ಬಂದು, ಕೌಂಟರಿನ ಕಟಕಟೆಗೆ ಮೊಳಕೈ ಊರಿ, ಬೇರೆಯವರಿಗೆ ಕೇಳಿಸದಂತೆ — "ತಗದಾಳೇನ್ರಿ?"

ಇಲ್ಲ ಎನ್ನುತ್ತಿದ್ದೆ. ಖಾತೆಯ ಮೇಲೆ "ಸಹಿ ಬಾಕಿ" ಎಂದು ಪೆನ್ಸಿಲಿನಲ್ಲಿ ಬರೆದದ್ದು ಹಾಗೇ ಇತ್ತು. ಇನ್ನೊಂದು ಕಾಗದ ಹಾಕಿ ವಿಚಾರಿಸುವುದು ನನ್ನ ಕೆಲಸ; ಹಾಕಲಿಲ್ಲ. ಎಂಥ ಕಲ್ಲುಮನಸ್ಸಿನ ಮಗಳಪ್ಪಾ ಎಂದು ನಿಮ್ಮನ್ನೇ ಬೈದುಕೊಂಡೆ. ನಿಮಗೆ ಏನೂ ಗೊತ್ತೇ ಇಲ್ಲದಿರಬಹುದು ಎಂದು ಒಮ್ಮೆಯೂ ಅನಿಸಲಿಲ್ಲ ನನಗೆ.

ಎರಡನೇ ವರ್ಷದ ರಂಜಾನ್ ಬಂತು. ಇಪ್ಪತ್ತು ರೂಪಾಯಿ ತಾನಾಗಿ ಹೋಗುತ್ತಿತ್ತು, ಆದರೆ ಈದಿನ ಹಣಕ್ಕೆ ಅಂಥ ಆದೇಶ ಬರೆಯಲು ಆಗುತ್ತಿರಲಿಲ್ಲ — ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ, ನಮ್ಮ ರಜಿಸ್ಟರಿನ ತಾರೀಖಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ಅದಕ್ಕೆ ಅವರು ತಾವೇ ಬಂದು ಚಲನ್ ತುಂಬಿಸಿ ಐವತ್ತು ರೂಪಾಯಿ ಕಟ್ಟುತ್ತಿದ್ದರು. ಆ ವರ್ಷ ಹಬ್ಬ ಇನ್ನೆರಡು ದಿನವಿದೆ ಎನ್ನುವಾಗ ಬಂದರು. ಉಪವಾಸದ ಬಾಯಿ ಒಣಗಿತ್ತು. ನೋಟು ಎಣಿಸಿ ಕೊಟ್ಟು, ಎಂದಿನ ಪ್ರಶ್ನೆ ಕೇಳಿದರು. ಇಲ್ಲ ಎನ್ನಲು ಅಂದು ನಾಲಿಗೆ ಹೊರಳಲಿಲ್ಲ.

"ತಗದಾಳ್ರಿ," ಎಂದೆ. "ಇಪ್ಪತ್ತು ರೂಪಾಯಿ."

ಅವರ ಮುಖವನ್ನು ನಾನು ಹೇಗೆ ವರ್ಣಿಸಲಿ — ಆ ಮುಖ ನೀವು ನೋಡಬೇಕಾಗಿತ್ತು, ನಾನಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡರು, ಹೋದರು. ಒಳ್ಳೆಯ ಕೆಲಸ ಮಾಡಿದೆ ಎಂದು ನಾನೂ ಹಿಗ್ಗಿದೆ.

ಮರುದಿನ ಬ್ಯಾಂಕಿನ ಬಾಗಿಲು ತೆರೆಯುವಾಗಲೇ ನಿಂತಿದ್ದರು. ಮೈಮೇಲೆ ಹೊಸ ಅಂಗಿ. ಕೈಯಲ್ಲಿ ಒಂದು ಚೀಲ, ಎಲೆಯ ಒಂದು ಕಟ್ಟು, ಪೇಟೆಯಲ್ಲಿ ಕರಿದ ಖಾರದ ತಿಂಡಿಯ ದೊಡ್ಡ ಪೊಟ್ಟಣ.

"ಹಿರೇಕೆರೂರಿಗೆ ಹೊಂಟೇನ್ರಿ," ಎಂದರು. "ಹಬ್ಬಾ ಮಗಳ ಮನ್ಯಾಗ. ಸಣ್ಣಾಕಿ ಇದ್ದಾಗಿಂದ ಈ ಖಾರಾ ಅಂದ್ರ ಜೀವಾ ಬಿಡ್ತಾಳ. ನಿಮಗ ಹೇಳಿ ಹೋಗೂಣಂತ ಬಂದ್ನಿ."

ಬರೆದ ಕಾಗದ ಆಗ ನೆನಪಾಯಿತು. ಒಂದು ರೂಪಾಯಿ ತೆಗೆದರೂ ಕರೆದ ಹಾಗೆ! ನೂರಾರು ಜನರ ಕಾಗದ ಬರೆದುಕೊಟ್ಟವನಿಗೆ ಆ ಮಾತು ಮರೆತೇ ಹೋಗಿತ್ತು. ಇವರು ಹೋಗಿ ಕೇಳುತ್ತಾರೆ, ನೀವು ತೆಗೆದಿಲ್ಲ ಎನ್ನುತ್ತೀರಿ, ಇವರು ಮ್ಯಾನೇಜರರ ಮುಂದೆ ಬಂದು ನಿಲ್ಲುತ್ತಾರೆ — ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ. ನನ್ನ ನೌಕರಿ, ನನ್ನ ದುಂಡಗಿನ ಅಕ್ಷರದ ಹೆಸರು. ಅಲ್ಲೇ ಕೈ ಹಿಡಿದು, ಸುಳ್ಳು ಹೇಳಿದೆನ್ರಿ, ಆದರೂ ಹೋಗಿ ಬನ್ನಿ ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಅಂದದ್ದು ಬೇರೆ.

"ಈಗ ಬ್ಯಾಡ್ರಿ, ಇಮಾಮಸಾಬರ. ಆಕಿ ಬ್ಯಾಂಕಿಗೆ ಒಂದು ಚೀಟಿ ಹಾಕ್ಯಾಳ. ರೊಕ್ಕಾ ತಗೋತೇನಿ, ಆದ್ರ ಅಪ್ಪ ಈಗ ಬರೂದು ಬ್ಯಾಡ ಅಂದಾಳ."

ಅವರು ಚೀಟಿ ತೋರಿಸಿ ಎನ್ನಲಿಲ್ಲ. ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ಎಲೆಯ ಕಟ್ಟಿನ ದಾರ ಸರಿಮಾಡಿದರು.

"ಹಂಗಂದಾಳಾ... ಅಂದ್ರ ಆಗ್ಲಿ ಬಿಡ್ರಿ. ಆಕಿ ಸಿಟ್ಟು ಖರೇ ಐತಿ. ತಗೋತಾಳಲ್ಲ, ಅಷ್ಟ ಸಾಕು." ಖಾರದ ಪೊಟ್ಟಣವನ್ನು ಕಟಕಟೆಯ ಮೇಲಿಂದ ನನ್ನತ್ತ ಸರಿಸಿದರು. "ಇದನ್ನ ನಿಮ್ಮ ಮಕ್ಕಳಿಗೆ ಕೊಡ್ರಿ."

ಒಯ್ದೆ. "ಯಾರು ಕೊಟ್ರಿ ಇಷ್ಟು ಖಾರಾ?" ಎಂದಳು ನನ್ನ ಹೆಂಡತಿ. ಗಿರಾಕಿಯೊಬ್ಬರು ಎಂದೆ. ಮಕ್ಕಳು ಎರಡು ದಿನ ತಿಂದವು, ನಾನೂ ತಿಂದೆ.

ಅದೇ ವರ್ಷದ ದಸರೆಗೆ, ಆಯುಧಪೂಜೆಗೆಂದು ಮೇಜು ಒರೆಸುವಾಗ ಡ್ರಾದಲ್ಲಿ ಹಾಸಿದ್ದ ಹಳೆಯ ಪೇಪರ್ ಎಳೆದೆ. ಅದರ ಕೆಳಗೆ ನಿಮ್ಮ ಲಕೋಟೆ ಇತ್ತು. ಕಾರ್ಡು, ಪಾಸ್‌ಬುಕ್ಕು, ಕಾಗದ — ಮೂರೂ ಇಟ್ಟ ಹಾಗೇ. ನೀವು ಕಲ್ಲುಮನಸ್ಸಿನವರಲ್ಲ, ನಿಮಗೆ ಯಾರೂ ಏನೂ ಹೇಳಿರಲೇ ಇಲ್ಲ. ಆಗಲಾದರೂ ಅಂಚೆಗೆ ಹಾಕಬಹುದಿತ್ತು. ಹಾಕಿದರೆ ಹಿಂದಿನ ಸುಳ್ಳು ಹೊರಬೀಳುತ್ತದೆ ಎಂದು... ಇಲ್ಲ, ಇದಕ್ಕೆ ಕಾರಣ ಕೊಡಲಾರೆ. ಒಂದು ಅಂಚೆಚೀಟಿ ಹಚ್ಚುವ ಕೆಲಸ. ಲಕೋಟೆಯನ್ನು ಮನೆಗೆ ಒಯ್ದು ಟ್ರಂಕಿನ ತಳಕ್ಕೆ ಹಾಕಿದೆ.

ಆಮೇಲೆ ಆರು ವರ್ಷ. ಪ್ರತಿ ಐದಕ್ಕೆ ಅವರ ಖಾತೆಯಿಂದ ಇಪ್ಪತ್ತು ಕಳೆದು ನಿಮ್ಮ ಖಾತೆಗೆ ಇಪ್ಪತ್ತು ಕೂಡಿಸಿದೆ, ಇದೇ ಕೈಯಿಂದ. ಅವರು ಬಂದು "ತಗದಾಳೇನ್ರಿ?" ಎನ್ನುವುದು, ನಾನು "ತಗದಾಳ್ರಿ" ಎನ್ನುವುದು. ನಿಮಗೆ ಗಂಡುಮಗು ಆಯಿತೆಂದು ಯಾರೋ ಬಸ್ ಕಂಡಕ್ಟರ್ ಹೇಳಿದನಂತೆ. ಅಂದು ನೂರೊಂದು ರೂಪಾಯಿ ತಂದು ಕಟ್ಟಿದರು, ಇಡೀ ಬ್ಯಾಂಕಿಗೆ ಪೇಢೆ ಹಂಚಿದರು. ಹೋಗುವಾಗ ಹಿಂದಿರುಗಿ ನಿಂತು, "ಈಗರ ಬಾ ಅಂದಾಳೇನ್ರಿ?" ಎಂದು ಕೇಳಿದರು. ನಾನು ಲೆಡ್ಜರಿನಿಂದ ಕಣ್ಣೆತ್ತದೆ ತಲೆಯಾಡಿಸಿದೆ. ಇಲ್ಲ ಎಂದು.

ಏಳನೇ ವರ್ಷದ ಜೂನಿನಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ನೀವು ಬರುವಷ್ಟರಲ್ಲಿ ತಡವಾಗಿತ್ತೆಂದು ಕೇಳಿದೆ. ರಜಿಸ್ಟರಿನಲ್ಲಿ ಅವರ ಆದೇಶದ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದೂ ನಾನೇ. ಹೊಸದಾಗಿ ಬಂದಿದ್ದ ಮ್ಯಾನೇಜರರು ನಿಮ್ಮ ಖಾತೆ ನೋಡಿ, ಇದರ ಒಡತಿಗೆ ಕಾಗದ ಬರೆ, ಪಾಸ್‌ಬುಕ್ ಕೊಡು ಎಂದರು. ಹೊಸ ಪಾಸ್‌ಬುಕ್ ತೆಗೆದುಕೊಂಡೆ. ಬಡ್ಡಿಯ ಸಾಲು ಬಿಟ್ಟರೂ ಅದರಲ್ಲಿ ತೊಂಬತ್ತೆರಡು ಸಾಲು ಬರೆಯಬೇಕಿತ್ತು — ಎಂಬತ್ತನಾಲ್ಕು ಐದನೇ ತಾರೀಖು, ಏಳು ಈದು, ಒಂದು ಮೊಮ್ಮಗ. ಬರೆದರೆ ನೀವು ಕೇಳುತ್ತಿದ್ದಿರಿ, ಏಳು ವರ್ಷ ನನಗೇಕೆ ಹೇಳಲಿಲ್ಲ ಎಂದು. ಅದಕ್ಕೆ ಎಲ್ಲವನ್ನೂ ಕೂಡಿಸಿ, "ಹಿಂದಿನ ಶಿಲ್ಕು" ಎಂದು ಒಂದೇ ಸಾಲು ಬರೆದೆ. ಬಹಳ ದುಂಡಗೆ ಬರೆದೆ.

ನೀವು ಬಂದಿರಿ. ಸೊಂಟದ ಮೇಲೆ ಮಗು. ಆ ಒಂದು ಸಾಲನ್ನು ಬಹಳ ಹೊತ್ತು ನೋಡಿದಿರಿ.

"ಒಮ್ಮೆಲೇ ಇಟ್ಟಾರೇನ್ರಿ?"

"ಹೂಂನ್ರಿ."

"ಸಾಯೂಮುಂದ ಲೆಕ್ಕಾ ಚುಕ್ತಾ ಮಾಡಿ ಹೋಗ್ಯಾರ," ಎಂದಿರಿ ನೀವು. "ನನಗ ರೊಕ್ಕಾ ಬೇಕಿರಲಿಲ್ರಿ. ಒಮ್ಮೆ ಬಂದಿದ್ರ ಆಗಿತ್ತು." ಎಲ್ಲ ಹಣ ತೆಗೆದು, ಮಸೀದಿಯ ಪೆಟ್ಟಿಗೆಗೆ ಹಾಕುತ್ತೇನೆಂದು ಸೆರಗಿಗೆ ಕಟ್ಟಿಕೊಂಡು ಹೋದಿರಿ. ಎದ್ದು ನಿಮ್ಮ ಹಿಂದೆ ಬರಲು ಬಾಗಿಲವರೆಗೂ ಬಂದಿದ್ದೆ. ವಾಪಸ್ಸು ಹೋಗಿ ಕುಳಿತೆ.

ಅಂದು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ, ಖಾತೆ ಮುಚ್ಚುವ ಮುನ್ನ ಲೆಡ್ಜರಿನಲ್ಲಿದ್ದ ಅದರ ಪುಟಗಳನ್ನು ಒಂದು ಹಾಳೆಗೆ ನಕಲು ಮಾಡಿಕೊಂಡದ್ದು. ಆ ಹಾಳೆಯನ್ನೂ ಅದೇ ಟ್ರಂಕಿನಲ್ಲಿಟ್ಟೆ. ಈಗ ಹಾನಗಲ್ಲಿನಲ್ಲಿದ್ದೇನೆ, ಕೈ ನಡುಗುತ್ತದೆ. ಹೋದ ವಾರ ಕುಳಿತು ನಿಮ್ಮ ಮೊದಲ ಪಾಸ್‌ಬುಕ್ಕಿನಲ್ಲಿ, ಅವರು ನಿಮಗೆಂದು ಮಾಡಿಸಿದ್ದ ಪಾಸ್‌ಬುಕ್ಕಿನಲ್ಲಿ, ತೊಂಬತ್ತೆರಡು ಸಾಲನ್ನೂ ಬರೆದೆ. ಅಕ್ಷರ ಸೊಟ್ಟಗಿದೆ. ನಾಲ್ಕೈದು ಕಡೆ ಕಾಟು ಹೊಡೆದಿದ್ದೇನೆ, ಇರಲಿ.

ಬರುವ ಐದನೇ ತಾರೀಖಿಗೆ ಬಸ್ ಹತ್ತಿ ಹಿರೇಕೆರೂರಿಗೆ ಬರುತ್ತೇನೆ. ಅಂಟಿಸದ ಆ ಲಕೋಟೆಯನ್ನು ನಿಮ್ಮ ಕೈಗೇ ಕೊಡುತ್ತೇನೆ. ನೀವು ಬೈದರೆ ನಿಂತು ಕೇಳುತ್ತೇನೆ, ಬಾಗಿಲು ಹಾಕಿದರೆ ಹೊಸ್ತಿಲ ಮೇಲಿಟ್ಟು ಬರುತ್ತೇನೆ. ಕ್ಷಮೆ ಕೇಳಲು ಬರುತ್ತಿಲ್ಲ. ನೀವು ಒಂದು ವಿಷಯ ತಿಳಿಯದೆ ಇರಬಾರದು, ಅಷ್ಟೇ.

ನಿಮ್ಮ ತಂದೆ ಬರಲಿಲ್ಲ ಎಂದು ನೀವು ಅಂದುಕೊಂಡಿದ್ದೀರಿ. ಹಬ್ಬದ ಹಿಂದಿನ ದಿನ ಹೊಸ ಅಂಗಿ ತೊಟ್ಟು, ನಿಮಗೆಂದು ಖಾರ ಕಟ್ಟಿಸಿಕೊಂಡು ಅವರು ಹೊರಟು ನಿಂತಿದ್ದರು, ಜೈನಾಬಿ. ಹೋಗಬೇಡಿ ಎಂದವನು ನಾನು.