ಮುನಿವೆಂಕಟಮ್ಮನ ಹಿತುಕಿದ ಬೇಳೆ

ಬೈರಸಂದ್ರದ ಬೋರಣ್ಣ ಇವತ್ತಿಗೂ ಗಾಂಧಿ ಬಜಾರಿನ ಗಂಗಾಧರಯ್ಯನ ತರಕಾರಿ ಅಂಗಡಿಯ ಮುಂದೆ ಹಾಯುವುದಿಲ್ಲ. ಆ ಕಡೆ ಕೆಲಸವಿದ್ದರೆ ರಸ್ತೆ ದಾಟಿ, ಮುಖ ತಿರುಗಿಸಿಕೊಂಡು ನಡೆಯುತ್ತಾನೆ. ಯಾಕೆಂದು ಕೇಳಿದವರಿಗೆಲ್ಲ ಅವನದು ಒಂದೇ ಮಾತು: "ನನ್ ಹೆಂಡ್ತಿ ತಲೇಲಿ ಹುಟ್ಟಿದ್ದನ್ನ ಅವ್ನು ಬುಟ್ಟಿಗೆ ಹಾಕ್ಕೊಂಡು ಮಾರ್ದ. ಒಂದ್ ಸಲನಾದ್ರೂ ಅವಳ ಹೆಸ್ರು ಹೇಳಿದ್ನಾ?"

ಹೇಳಲಿಲ್ಲ. ಅದು ನಿಜ.

ಊರಿನ ಹೊಲಗಳೆಲ್ಲ ಜಯನಗರದ ಸೈಟುಗಳಾಗಿ ಹೋದ ಮೇಲೂ ಬೋರಣ್ಣನಿಗೆ ಕೆರೆಯ ಹಿಂದೆ ಒಂದು ತುಂಡು ನೆಲ ಉಳಿದಿತ್ತು. ಮಂಜು ಬೀಳುವ ಹೊತ್ತಿಗೆ ಅಲ್ಲಿ ಅವರೆ ಬರುತ್ತಿತ್ತು. ಮುಟ್ಟಿದರೆ ಅಂಗೈಗೆ ಅಂಟುವ, ಬೀದಿಯ ಆ ತುದಿಗೂ ಘಮ್ಮೆನ್ನುವ ಸೊಗಡಿನ ಅವರೆ. ಬೆಳೆಯುವುದು ಅವನು, ಬುಟ್ಟಿ ಹೊತ್ತು ಹೊಸ ಬಡಾವಣೆಯ ಮನೆಮನೆಗೆ ಮಾರುವುದು ಹೆಂಡತಿ ಮುನಿವೆಂಕಟಮ್ಮ. ಬೋರಣ್ಣ ಮಾರಲು ಹೋಗಿದ್ದರೆ ಮೊದಲ ಮನೆಯಲ್ಲೇ ಜಗಳವಾಗುತ್ತಿತ್ತು.

ಐವತ್ತೆಂಟನೇ ಇಸವಿಯ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಲಮೇಲಮ್ಮ ಅವಳನ್ನು ಗೇಟಿನಲ್ಲಿ ನಿಲ್ಲಿಸಿದಳು. ಸರ್ಕಾರಿ ಗುಮಾಸ್ತರೊಬ್ಬರ ಹೆಂಡತಿ, ಚಿಕ್ಕ ವಯಸ್ಸು, ಬಾಡಿಗೆ ಮನೆ. ಬಲಗೈಯ ಹೆಬ್ಬೆರಳಿಗೆ ಉಗುರುಸುತ್ತಾಗಿ ಬಟ್ಟೆ ಸುತ್ತಿಕೊಂಡಿದ್ದಳು.

"ಹಿತುಕಿದ ಬೇಳೆ ಸಾರಿಗೆ ಅಂತ ಕಾಳು ನೆನೆಸಿಬಿಟ್ಟಿದೀನಿ, ಮುನಿವೆಂಕಟಮ್ಮ. ಮಧ್ಯಾಹ್ನ ನಮ್ಮ ಭಾವನವರು ಊಟಕ್ಕೆ ಬರ್ತಾರೆ. ಈ ಬೆರಳಲ್ಲಿ ಒಂದು ಕಾಳೂ ಒತ್ತಕ್ಕಾಗ್ತಿಲ್ಲ. ಇಲ್ಲೇ ಜಗಲೀಲಿ ಕೂತು ಹಿತುಕಿ ಕೊಡ್ತೀಯಾ?"

ನೆಂದ ಅವರೆಕಾಳನ್ನು ಒಂದೊಂದೇ ಒತ್ತಿ, ಸಿಪ್ಪೆಯಿಂದ ಬೇಳೆ ಜಾರಿಸುವುದು ಹಳ್ಳಿಯಲ್ಲಿ ಒಂದು ಕೆಲಸವೇ ಅಲ್ಲ. ಅತ್ತೆ, ನಾದಿನಿ, ಪಕ್ಕದ ಮನೆಯವಳು ಸುತ್ತ ಕೂತು, ಊರವರ ವಿಷಯ ಮಾತಾಡುತ್ತ ಮುಗಿಸಿಬಿಡುತ್ತಾರೆ. ಈ ಮನೆಯಲ್ಲಿದ್ದದ್ದು ಅಲಮೇಲಮ್ಮ ಮತ್ತು ತೊಟ್ಟಿಲ ಮಗು. ಆದರೂ ಮುನಿವೆಂಕಟಮ್ಮ ಅನುಮಾನಿಸಿದಳು. ಹಸಿ ಕಾಯಿಗೆ ಮಡಿ ಮೈಲಿಗೆ ಇಲ್ಲ. ನೀರು ಬಿದ್ದ ಕಾಳಿಗೆ ಇದೆ.

"ನಾವು ನೀರಲ್ಲಿ ಕೈ ಇಟ್ರೆ ಆಯ್ತದಾ ಅಮ್ಮಾವ್ರೇ?"

ಅಲಮೇಲಮ್ಮ ಒಳಗಿನ ದೇವರಮನೆಯ ಕಡೆ ಒಮ್ಮೆ ನೋಡಿದಳು. "ನೀರು ನಮ್ಮ ಬಾವೀದು, ಪಾತ್ರೆ ನಮ್ದು. ನಿಂದು ಬರೀ ಬೆರಳು. ಕೂತ್ಕೋ."

ಆ ಸಂಜೆ ಮುನಿವೆಂಕಟಮ್ಮ ಗಂಡನಿಗೆ ಹೇಳಿದಳು. "ನಾಳೆಯಿಂದ ನಾನೇ ಹಿತುಕಿ, ಬೇಳೆ ತಗೊಂಡೋಗಿ ಮಾರ್ತೀನಿ."

ಬೋರಣ್ಣ ಬೀಡಿಯ ಹೊಗೆ ನೆತ್ತಿಗೇರುವಷ್ಟು ನಕ್ಕ. "ಕೈಕಾಲು ಗಟ್ಟಿಗಿರೋರು ಯಾರ್ ತಗೋತಾರೆ? ಆಮೇಲೆ ಅನ್ನಾನೂ ಅಗಿದು ಮಾರ್ತೀಯಾ? ನಮ್ ನೀರಲ್ಲಿ ನೆಂದಿದ್ದನ್ನ ಆ ಜನ ಒಳಕ್ಕೆ ಬಿಟ್ಕೋತಾರಾ?"

"ಬಿಟ್ಕೊಳ್ಳೋರು ಬಿಟ್ಕೋತಾರೆ. ಅತ್ತೆ ಇಲ್ಲದ ಮನೆಗಳು ಯಾವ್ಯಾವು ಅಂತ ನಂಗೊತ್ತದೆ."

ಬಾಳೆಲೆ ಹಾಸಿದ ಬುಟ್ಟಿ, ಮೇಲೊಂದು ಒದ್ದೆ ಬಟ್ಟೆ. ಮೊದಮೊದಲು ಹಿತ್ತಿಲ ಬಾಗಿಲಲ್ಲಿ ಕೊಂಡವರು ಸಂಕ್ರಾಂತಿಯ ಹೊತ್ತಿಗೆ ಮುಂಬಾಗಿಲಲ್ಲೇ ಕೂಗಿ ಕರೆದರು. ನಕ್ಕಿದ್ದ ಬೋರಣ್ಣ ಈಗ ಟೀ ಅಂಗಡಿಯಲ್ಲಿ ಕೂತು, "ನಮ್ಮವಳ ತಲೆ ಅಂದ್ರೆ ಏನಂತ ತಿಳ್ಕೊಂಡಿದೀರಾ?" ಎನ್ನತೊಡಗಿದ. ಅವಳ ಮುಂದೆ ಮಾತ್ರ ಆ ಮಾತು ಅವನ ಬಾಯಿಂದ ಬರಲಿಲ್ಲ.

ಒಂದೆರಡು ಚಳಿಗಾಲ ಕಳೆಯಿತು. ಒಮ್ಮೆ ಗೊಬ್ಬರದ ಕೆಲಸಕ್ಕೆ ಗಾಂಧಿ ಬಜಾರಿಗೆ ಹೋದವನು ನೋಡುತ್ತಾನೆ: ಗಂಗಾಧರಯ್ಯನ ಅಂಗಡಿಯ ಮುಂದೆ ಗೋಣಿತಾಟಿನ ಮೇಲೆ ಸಾಲಾಗಿ ಹೆಂಗಸರು ತಲೆ ಬಗ್ಗಿಸಿ ಕೂತು ಹಿತುಕುತ್ತಿದ್ದಾರೆ. ಬಾಳೆಲೆ, ಒದ್ದೆ ಬಟ್ಟೆ, ಎಲ್ಲ ಹಾಗೇ. ಬೋರಣ್ಣನ ರಕ್ತ ತಲೆಗೇರಿತು.

"ಏನಯ್ಯಾ ಇದು? ಇದು ನಮ್ದು."

ಗಂಗಾಧರಯ್ಯ ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಯಾವುದಪ್ಪಾ ನಿಂದು? ಅವರೆ ನಾನು ಕೊಂಡಿದ್ದು. ನೀರು ನಲ್ಲೀದು. ಬೆರಳು ಅವರದು."

"ಯೋಚನೆ ನಮ್ದು. ನನ್ ಹೆಂಡ್ತೀದು. ಈ ಜನರ ಮುಂದೆ ಅವಳ ಹೆಸ್ರು ಹೇಳು, ಆಮೇಲೆ ಮಾರ್ಕೋ."

"ಯೋಚನೇನಾ? ತಕ್ಕಡೀಲಿ ಹಾಕಪ್ಪ, ಎಷ್ಟು ತೂಗುತ್ತೆ ನೋಡೋಣ. ಸೊಗಡಿದ್ರೆ ಕೊಂಡ್ಕೋತೀನಿ."

ಸುತ್ತಲಿನವರು ನಕ್ಕರು. ಬೋರಣ್ಣನ ಕಾಲು ಅವನ ಮಾತು ಕೇಳಲಿಲ್ಲ. ಹತ್ತಿರದ ಬುಟ್ಟಿಯನ್ನು ಒದ್ದುಬಿಟ್ಟ. ಬೇಳೆಯೆಲ್ಲ ರಸ್ತೆಯ ಮಣ್ಣಿಗೆ ಚೆಲ್ಲಿತು. ಆಗ ಸಾಲಿನಿಂದ ಒಬ್ಬಳು ತಲೆಯೆತ್ತಿದಳು. ಅವನದೇ ಊರಿನ ಬಸವಲಿಂಗಮ್ಮ, ಗಂಡ ಸತ್ತು ವರ್ಷ ತುಂಬಿರದ ಹೆಂಗಸು.

"ಬೆಳೆಯೋ ಮನುಷ್ಯ ಕಾಲಲ್ಲಿ ಒದ್ದೆಯಲ್ಲಾ ಬೋರಣ್ಣ," ಎಂದಳು. "ಬೆಳಿಗ್ಗೆಯಿಂದ ನಾನು ಹಿತುಕಿದ್ದು ಅದು. ಇನ್ನು ಇವತ್ತಿನ ಕೂಲಿ ಯಾವ ಬಾಯಿಂದ ಕೇಳ್ಲಿ? ಮುನಿವೆಂಕಟಕ್ಕ ಇದನ್ನ ಕಲಿಸ್ದಾಗ ನಿಂಗೆ ಹೇಳಿರ್ಲಿಲ್ವಾ?"

ಅವನು ಮನೆಗೆ ಬಂದವನೇ ಹೆಂಡತಿಯ ಮುಂದೆ ನಿಂತ. "ನೀನೇ ಹೇಳ್ಕೊಟ್ಟೆಯಾ?"

"ಹೂಂ. ಗಂಡ ಸತ್ತೋಳು, ಏನ್ ಮಾಡ್ಲಿ ಅಕ್ಕಾ ಅಂತ ಬಂದ್ಳು. ಗಂಗಾಧರಯ್ಯನೋರ ಅಂಗಡಿಗೆ ಹೋಗಿ ಕೇಳು ಅಂತ ನಾನೇ ಕಳಿಸ್ದೆ."

"ನಮ್ದನ್ನ ಎತ್ತಿ ಕೊಟ್ಬಿಟ್ಟೆಯಲ್ಲೇ."

"ಒಂದ್ ಬುಟ್ಟಿ ಅವರೆಕಾಯಿ ಕೊಟ್ಟಿದ್ರೆ ನಮ್ ಬುಟ್ಟಿ ಖಾಲಿ ಆಗ್ತಿತ್ತು. ಇದು ಕೊಟ್ಟ ಮೇಲೂ ನನ್ ತಾವೇ ಅದೆಯಲ್ಲ. ನಾಳೇನೂ ಹಿತುಕ್ತೀನಿ, ನೋಡು." ಅವಳೇ ಮತ್ತೆ ಹೇಳಿದಳು. "ಅಲ್ಲದೆ ಇದು ನಂದು ಅಂತ ಯಾರ್ ಹೇಳಿದ್ರು ನಿಂಗೆ? ಅಲಮೇಲಮ್ಮನೋರ ಬೆರಳು ಸರಿಯಾಗಿದ್ದಿದ್ರೆ ನಂಗೂ ಹೊಳೀತಿರ್ಲಿಲ್ಲ. ಕೂತ್ಕೋ ಅಂದೋರು ಅವರು."

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಬೋರಣ್ಣ ನೆಂದ ಕಾಳಿನ ಪಾತ್ರೆ ಎಳೆದುಕೊಂಡು ಕೂತ. ಹುಟ್ಟಿದಾಗಿನಿಂದ ಹೆಂಗಸರ ಕೆಲಸವೆಂದು ಮುಟ್ಟದಿದ್ದ ಕೈ. ಗುದ್ದಲಿ ಹಿಡಿದು ಮರಗಟ್ಟಿದ ಬೆರಳು. ಒತ್ತಿದರೆ ಒಂದು ಬೇಳೆ ಗೋಡೆಗೆ, ಒಂದು ಒಲೆಗೆ, ಇನ್ನೊಂದು ಅವನದೇ ಮೀಸೆಗೆ. ಮುನಿವೆಂಕಟಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು, ಅವನ ಹೆಬ್ಬೆರಳನ್ನು ಹಿಡಿದು ಬಾಗಿಸಿ ತೋರಿಸಿದಳು. "ಅಷ್ಟು ಸಿಟ್ಟು ಬ್ಯಾಡ ಅದರ ಮೇಲೆ. ಮೆಲ್ಲಗೆ."

"ನಿನ್ ಹೆಸ್ರು ಹೇಳ್ಲಿ ಅಂತ ಕೇಳ್ದೆ ಕಣೇ, ಇನ್ನೇನಿಲ್ಲ," ಎಂದ, ತಲೆಯೆತ್ತದೆ.

"ನೀನ್ ಹೇಳ್ದೆಯಲ್ಲ, ಅಷ್ಟು ಜನರ ಮುಂದೆ. ಬಿಡು."

ಚೆಲ್ಲಿದ್ದಕ್ಕೆ ಬದಲಾಗಿ ಬಸವಲಿಂಗಮ್ಮನಿಗೆ ಕೊಡಲು ಒಂದು ಬುಟ್ಟಿ ತುಂಬಿತು. ಅದನ್ನು ಅವಳ ಬಾಗಿಲಲ್ಲಿಟ್ಟು, ಅಲ್ಲಿಂದಲೇ ಬೋರಣ್ಣ ಹೊಲಕ್ಕೆ ಹೋಗಿ, ಆ ವರ್ಷದ ಒಳ್ಳೆಯ ಸೊಗಡಿನ ಕಾಯನ್ನು ಆರಿಸಿ ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಅಲಮೇಲಮ್ಮನ ಮನೆಗೆ ನಡೆದ. ಮನೆ ಗುರುತು ಹೆಂಡತಿ ಹೇಳಿದ್ದಳು. ಗೇಟು ತೆರೆದದ್ದು ಬೇರೆ ಯಾರೋ ಹೆಂಗಸು.

"ಅವರಾ? ಅವರ ಯಜಮಾನರಿಗೆ ವರ್ಗವಾಯ್ತಲ್ಲಪ್ಪ. ಯಾವೂರಿಗೋ, ನಮಗೆ ಗೊತ್ತಿಲ್ಲ." ಆಕೆ ಗಂಟಿನ ಕಡೆ ಬಗ್ಗಿ ಮೂಗರಳಿಸಿದಳು. "ಅವರೆಕಾಯಾ? ಹಿತುಕಿದ್ದು ಇಲ್ವಾ? ಈಗ ಎಲ್ಲ ಕಡೆ ಹಿತುಕೇ ಕೊಡ್ತಾರಲ್ಲ."

ಬೋರಣ್ಣನ ಬಾಯಿಗೆ ಮಾತು ಬಂತು, ಜೋರಾದದ್ದೇ. ಅದನ್ನು ನುಂಗಿಕೊಂಡ. "ಇದು ಮಾರಕ್ಕಲ್ಲ ತಾಯಿ, ಕೊಡಬೇಕಾಗಿದ್ದು," ಎಂದು ಗಂಟನ್ನು ಹೆಗಲಿಗೇರಿಸಿಕೊಂಡು ಬೈರಸಂದ್ರದ ದಾರಿ ಹಿಡಿದ.