ಚಾಚಾ ಕಟ್ಟಿದ ಚಕ್ರ

ಕಳೆದ ವಾರ ಮಹದೇವಪುರದ ನನ್ನ ಗೋಡೌನಿನಲ್ಲಿ ಬಡಗಿ ಅಗಸೆ ಎಣ್ಣೆಯ ಡಬ್ಬಿ ತೆರೆದ. ಹಳೆಯ ಮೇಜುಗಳಿಗೆ ಮೆರುಗು ಕೊಡಲು ತಂದದ್ದು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಫೋನನ್ನು ಕಿವಿಯಿಂದ ಇಳಿಸಿಬಿಟ್ಟೆ. ಆ ಕಡೆಯವರು "ಹಲೋ, ಹಲೋ" ಅನ್ನುತ್ತಲೇ ಇದ್ದರು… ನಾನಾಗಲೇ ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಸೈಕಲ್ ಅಂಗಡಿಯ ಮುಂದೆ ನಿಂತಿದ್ದೆ.

ಅಂಗಡಿಯವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾನೂ. ಅವರು ಸ್ಪೋಕ್ ಕಡ್ಡಿಗಳ ತುದಿಯನ್ನು ಅಗಸೆ ಎಣ್ಣೆಯಲ್ಲಿ ಅದ್ದಿ ಚಕ್ರ ಹೆಣೆಯುತ್ತಿದ್ದರು. ಎಣ್ಣೆ ಒಣಗಿದ ಮೇಲೆ ಹಿಡಿದುಕೊಳ್ಳುತ್ತದೆ, ಕಡ್ಡಿ ಸಡಿಲವಾಗುವುದಿಲ್ಲ. ಹೆಣೆದಾದ ಮೇಲೆ ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟಿ, ಕಿವಿಗೊಟ್ಟು ಕೇಳಿ, ಬಿಗಿ ಸರಿಮಾಡುವರು.

ನನಗಾಗ ನಂದಿ ಬೆಟ್ಟ ಹತ್ತುವ ಸೈಕಲ್ ರೇಸಿನ ಹುಚ್ಚು. ಮರ್ಫಿ ಟೌನಿನ ಒಂದು ಕೋಣೆಯ ಮನೆಯಿಂದ ಹೊರಟು, ಮುಚ್ಚಿಹೋದ ಆಫೀಸುಗಳ ಕುರ್ಚಿ-ಮೇಜು ಕೊಂಡು ಮಾರುತ್ತಾ ತಕ್ಕಮಟ್ಟಿಗೆ ಮೇಲೆ ಬಂದಿದ್ದೆ. ಲಕ್ಷಗಟ್ಟಲೆ ಸುರಿದು ವಿದೇಶಿ ಸೈಕಲ್ ಕೊಳ್ಳುವ ಜಾಯಮಾನ ನನ್ನದಲ್ಲ. ನೀವೂ ಕೊಳ್ಳಬೇಡಿ. ಹಳೆಯ ಒಳ್ಳೆಯ ಫ್ರೇಮು ಹುಡುಕಿ, ಗೇರುಗಳನ್ನೆಲ್ಲ ಕಿತ್ತುಹಾಕಿ ಫಿಕ್ಸೆಡ್ ಗೇರ್ ಮಾಡಿಸಿ. ಅದರಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವಿಲ್ಲ. ಆದರೆ ಸಾಮಾನು ಕಡಿಮೆ, ಭಾರವೂ ಕಡಿಮೆ. ಮುಂದಿನ ಬ್ರೇಕ್ ಮಾತ್ರ ತೆಗೆಸಬೇಡಿ, ವಾಪಸು ಇಳಿಯಬೇಕಲ್ಲ.

ಎರಡು ತಿಂಗಳು ನಾವಿಬ್ಬರೂ ಗ್ರಾಂ ಲೆಕ್ಕದಲ್ಲಿ ಬದುಕಿದೆವು. ಪಕ್ಕದ ಬಾದಾಮಿ-ದ್ರಾಕ್ಷಿ ಅಂಗಡಿಯ ತಕ್ಕಡಿಯಲ್ಲಿ ಹ್ಯಾಂಡಲ್, ಸೀಟು, ಪೆಡಲ್ ಒಂದೊಂದನ್ನೇ ಇಟ್ಟು ತೂಗಿದೆವು. ಒಮ್ಮೆ ಚಾಚಾ ನನ್ನ ಹೊಟ್ಟೆ ನೋಡಿ, "ಬೇಟಾ, ಸೀಟಲ್ಲಿ ಇಪ್ಪತ್ತು ಗ್ರಾಂ ಉಳಿಸ್ದೆ ಅಂತ ಕುಣೀತಿದ್ದೀಯ. ದಿನಾ ಎರಡು ಪರೋಟ ಬಿಡು, ಬೆಟ್ಟ ತಾನೇ ಕೆಳಗೆ ಬರುತ್ತೆ" ಅಂದರು.

ಕೊನೆಗೆ ಉಳಿದದ್ದು ಹಿಂದಿನ ಚಕ್ರ. ಮೂವತ್ತಾರು ಕಡ್ಡಿಯ ಬದಲು ಇಪ್ಪತ್ತೆಂಟು. ಕಡ್ಡಿ ಕಡಿಮೆಯಾದಷ್ಟೂ ಕೈ ಪಳಗಿರಬೇಕು. ನಾಲ್ಕು ದಿನ ಕೂತು ಕಟ್ಟಿದರು. ತಿರುಗಿಸಿ ನೋಡಿದೆ. ರಿಮ್ಮು ತಿರುಗುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನೇರ.

ಅಷ್ಟರಲ್ಲಿ ನನ್ನ ಕಸುಬಿನ ನಾಲಿಗೆ ಎದ್ದಿತು. ಕೊಳ್ಳುವ ವಸ್ತುವಿನಲ್ಲಿ ಮೊದಲು ಒಂದು ಹುಳುಕು ತೋರಿಸಬೇಕು, ಆಮೇಲೆ ದರ ಮಾತಾಡಬೇಕು. ಇದರಿಂದಲೇ ಬದುಕಿದವನು ನಾನು. ಲೊಚಗುಟ್ಟಿದೆ.

"ಚಾಚಾ, ಸ್ವಲ್ಪ ಬೆಂಡ್ ಇದೆಯಲ್ಲ?"

"ಎಲ್ಲಿ?"

"ಇಲ್ಲಿ ನೋಡಿ. ಒಂದು ಕೂದಲೆಳೆ."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಹೆಬ್ಬೆರಳ ಉಗುರನ್ನು ರಿಮ್ಮಿನ ಪಕ್ಕ ಹಿಡಿದು ಮೂರು ಸಲ ತಿರುಗಿಸಿದರು. "ನನಗೆ ಕಾಣ್ತಾ ಇಲ್ಲ ಬೇಟಾ."

"ನಿಮಗೆಲ್ಲಿ ಕಾಣುತ್ತೆ ಚಾಚಾ, ವಯಸ್ಸಾಯ್ತಲ್ಲ" ಅಂದೆ, ನಗುತ್ತಾ.

ಬೇರೆ ಯಾವ ಅಂಗಡಿಯವನಾದರೂ ಜಗಳಕ್ಕೆ ಬರುತ್ತಿದ್ದ. ಕೂಗಾಡಿ, ದರ ಇಳಿಸಿ, ಕೊನೆಗೆ ಇಬ್ಬರೂ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವು. ಚಾಚಾ ಜಗಳವಾಡಲಿಲ್ಲ. "ಬೆಂಡ್ ಇರೋ ಚಕ್ರಕ್ಕೆ ನಾನು ಕೂಲಿ ತಗೊಳ್ಳಲ್ಲ. ಬಿಟ್ಟು ಹೋಗು, ಮತ್ತೆ ಕಟ್ತೀನಿ" ಅಂದರು. ಭಾನುವಾರವೇ ರೇಸು, ಮೇಲಾಗಿ, ಮತ್ತೆ ಕಟ್ಟಲು ಅದರಲ್ಲಿ ಏನಿತ್ತು? "ಪರವಾಗಿಲ್ಲ ಬಿಡಿ, ಎಲ್ಲಾದ್ರೂ ಸರಿ ಮಾಡಿಸ್ಕೋತೀನಿ" ಎಂದು ದೊಡ್ಡ ಮನಸ್ಸು ತೋರಿಸಿ, ಕೂಲಿ ಕೊಡದೆ ಚಕ್ರ ಎತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಗೆದ್ದ ಖುಷಿ.

ಭಾನುವಾರ ಬೆಟ್ಟದ ಕೊನೆಯ ತಿರುವುಗಳಲ್ಲಿ ತೊಡೆ ಉರಿಯುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಚಕ್ರ ಮಾತ್ರ ಮಿಸುಕಲಿಲ್ಲ. ಮೂರನೆಯವನಾಗಿ ಮೇಲೆ ಮುಟ್ಟಿದೆ. ಮರುದಿನ ಸಿಹಿ ಹಿಡಿದು ಹೋದರೆ ಚಾಚಾ ಪಂಚರ್ ಹಾಕುತ್ತಾ ಕೂತಿದ್ದರು. ಚಕ್ರ ಕಟ್ಟುವ ಕಬ್ಬಿಣದ ಸ್ಟ್ಯಾಂಡ್ ಇದ್ದ ಜಾಗ ಖಾಲಿ.

"ಗುಜರಿಗೆ ಹಾಕ್ಬಿಟ್ಟೆ" ಅಂದರು. "ನೀನು ಬೆಟ್ಟ ಇಳಿಯುವಾಗ ಚಕ್ರ ಕೈಕೊಟ್ರೆ ಅಂತ ನಿನ್ನೆ ಕೂತಲ್ಲಿ ಕೂರಕ್ಕಾಗ್ಲಿಲ್ಲ. ಕಣ್ಣು ಹೋದ್ಮೇಲೆ ಇನ್ನೊಬ್ಬರ ಜೀವದ ಜೊತೆ ಆಟ ಆಡಬಾರ್ದು ಬೇಟಾ. ಬೇರೆ ಗಿರಾಕಿಗಳೆಲ್ಲ ಮುಲಾಜಿಗೆ ಸುಮ್ನಿದ್ರು ಅನ್ಸುತ್ತೆ. ನೀನೊಬ್ಬ ಬಾಯ್ಬಿಟ್ಟು ಹೇಳ್ದೆ."

ಮೇಲಿಂದ ನನಗೇ ಥ್ಯಾಂಕ್ಸ್ ಹೇಳಿದರು…

ಅಲ್ಲೇ ನಿಂತು ನಿಜ ಹೇಳಿದೆ. ಬೆಂಡ್ ಇರಲಿಲ್ಲ ಚಾಚಾ, ರೇಟ್ ಇಳಿಸೋಕೆ ಹಾಗಂದೆ, ನಿಮ್ಮ ಕೂಲಿ ತಗೊಳ್ಳಿ ಎಂದೆ. ಅವರು ಕೆನ್ನೆ ತಟ್ಟಿ ನಕ್ಕರು. "ಮುದುಕನ ಮನಸ್ಸು ನೋಯಬಾರ್ದು ಅಂತ ಸುಳ್ಳು ಹೇಳ್ತಿದ್ದೀಯ. ಒಳ್ಳೇವನು ನೀನು."

ಇನ್ನೊಂದು ದಿನ ಚಕ್ರವನ್ನೇ ತಂದು ಮುಂದಿಟ್ಟೆ. ಉಗುರು ಹಿಡಿದು, ತಿರುಗಿಸಿ, ಬಹಳ ಹೊತ್ತು ನೋಡಿದರು. "ಯಾರ ಹತ್ರ ಸರಿ ಮಾಡಿಸ್ದೆ? ಒಳ್ಳೇ ಕೈ" ಅಂದರು.

ಚಕ್ರವನ್ನು ಮತ್ತೆ ಎತ್ತಿಕೊಂಡು ಮನೆಗೆ ಬಂದೆ.

ಚಾಚಾ ಹೋಗಿ ವರ್ಷಗಳಾದವು. ಮೆಟ್ಟಿಲ ಕೆಳಗೆ ಈಗ ಫೋನಿನ ಕವರುಗಳು ನೇತಾಡುತ್ತವೆ. ಚೌಕಾಸಿ ನಾನು ಬಿಟ್ಟಿಲ್ಲ, ಹೊಟ್ಟೆಪಾಡು. ಆದರೆ ಕೇಳಿದವರಿಗೆ, ಕೇಳದವರಿಗೂ ಹೇಳುತ್ತೇನೆ: ದರ ಇಳಿಸಬೇಕೆಂದರೆ ನಿಮ್ಮ ಜೇಬು ಸಣ್ಣದು ಅನ್ನಿ, ಅವರ ಕೆಲಸ ಸರಿಯಿಲ್ಲ ಅನ್ನಬೇಡಿ. ಕೆಲವರು ನಂಬಿಬಿಡುತ್ತಾರೆ.

ಸೈಕಲ್ ಈಗಲೂ ಇದೆ. ಬಿಡುವಾದಾಗ ತಲೆಕೆಳಗಾಗಿ ನಿಲ್ಲಿಸಿ ಹಿಂದಿನ ಚಕ್ರ ತಿರುಗಿಸುತ್ತೇನೆ. ಇಷ್ಟು ವರ್ಷ ಒಂದು ಕಡ್ಡಿಯನ್ನೂ ಯಾರಿಗೂ ಮುಟ್ಟಗೊಟ್ಟಿಲ್ಲ. ಸ್ವಲ್ಪವಾದರೂ ಬೆಂಡ್ ಬರಲಿ, ನಾನಾಡಿದ್ದು ತಡವಾಗಿಯಾದರೂ ನಿಜವಾಗಲಿ ಎಂದು ನೋಡುತ್ತಲೇ ಇರುತ್ತೇನೆ… ಬಂದಿಲ್ಲ.