ಎಣ್ಣಿ ಕಾದೈತೇನು?

ಯಾವ ಊರಿನ ಹೆಸರು ಕಿವಿಗೆ ಬಿದ್ದರೂ ಕೊಟ್ರಬಸಪ್ಪ ಮಾವ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ‘ಅಲ್ಲಿ ಎಣ್ಣಿ ಕಾದೈತೇನು?’ ಮಳೆ ಬೆಳೆ ಕೇಳುವವರಿದ್ದಾರೆ, ಬಿಸಿಲು ಹೇಗಿದೆ ಎನ್ನುವವರಿದ್ದಾರೆ. ಇವರು ಮಾತ್ರ ಎಣ್ಣೆಯನ್ನು ವಿಚಾರಿಸುತ್ತಿದ್ದರು. ಹೊಸಬರು ಈ ಮನುಷ್ಯನಿಗೆ ಬಜ್ಜಿಯ ಚಪಲ ಎಂದುಕೊಳ್ಳುತ್ತಿದ್ದರು. ಚಪಲವೂ ಇತ್ತು, ಇಲ್ಲವೆನ್ನಲಾರೆ.

ಅವರು ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ಯಾವ ಬಸ್ಸು ಯಾವಾಗ ಹೊರಡಬೇಕು ಎಂದು ನೋಡಿ ಸೀಟಿ ಊದುವ ಕೆಲಸ. ಖಾಕಿ ಅಂಗಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಸೀಟಿ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಮಧ್ಯಾಹ್ನದ ಬೆವರಿಗೆ ಅದು ಒಂದೂವರೆ ಗೆರೆ ಆಗಿರುತ್ತಿತ್ತು. ನಮ್ಮವ್ವ ಹಾಲಮ್ಮ ಅದೇ ನಿಲ್ದಾಣದ ಬಾಗಿಲಲ್ಲಿ ಹಣ್ಣು ಮಾರುತ್ತಿದ್ದಳು. ಅವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು, ಆದ್ದರಿಂದ ನನಗೆ ಮಾವ. ನಾನು ವಿದ್ಯಾರ್ಥಿ ಪಾಸಿನಲ್ಲಿ ಕೊಟ್ಟೂರಿನ ಕಾಲೇಜಿಗೆ ಓಡಾಡುತ್ತಿದ್ದವಳು, ಆದ್ದರಿಂದ ಅವರಿಗೆ ನಾನು ‘ಪಾಸು’. ಮುಂದೆ ನಾನು ಕೂಡ್ಲಿಗಿಯಲ್ಲಿ ಹೈಸ್ಕೂಲ್ ಟೀಚರ್ ಆಗಿ, ಎರಡು ಮಕ್ಕಳ ತಾಯಿಯಾಗಿ, ಕನ್ನಡಕ ಏರಿಸಿದ ಮೇಲೂ ನಿಲ್ದಾಣದ ನಡುವೆ ‘ಏ ಪಾಸು, ಬಾ ಇಲ್ಲಿ’ ಎಂದು ಕೂಗುತ್ತಿದ್ದರು, ಅದೂ ನನ್ನ ವಿದ್ಯಾರ್ಥಿಗಳ ಎದುರಿಗೆ. ನಾನು ಸಿಡುಕುತ್ತಿದ್ದೆ. ಸಿಡುಕಿದರೆ ಅವರಿಗೆ ಇನ್ನೂ ಖುಷಿ.

ಎಣ್ಣೆಯ ಲೆಕ್ಕಾಚಾರ ನನಗೆ ಗೊತ್ತಾದದ್ದು ನನ್ನ ಪದವಿ ಪರೀಕ್ಷೆಯ ದಿನ. ಅಂದು ಯಾವುದೋ ಬಂದ್. ಬಸ್ಸುಗಳೆಲ್ಲ ನಿಂತಲ್ಲೇ ನಿಂತಿದ್ದವು. ನಾನು ಹಾಲ್ ಟಿಕೆಟ್ ಹಿಡಿದುಕೊಂಡು ಅಳುತ್ತಿದ್ದೆ. ಮಾವ ಕ್ಯಾಬಿನ್ನಿನ ಕಪ್ಪು ಫೋನ್ ತಿರುಗಿಸಿ ಯಾರಿಗೋ, ‘ಎಣ್ಣಿ ಕಾದೈತೇನಪ? ಇನ್ನೂ ಇಲ್ಲಾ? ಇಟ್ಟ ಕೂಡ್ಲೇ ಹೇಳು’ ಎಂದರು. ಪರೀಕ್ಷೆ ಕೈತಪ್ಪುವ ಹೊತ್ತಿನಲ್ಲಿ ಈ ಪುಣ್ಯಾತ್ಮನಿಗೆ ತಿಂಡಿಯ ಚಿಂತೆ ಎಂದು ನನಗೆ ಮೈಯೆಲ್ಲ ಉರಿಯಿತು. ಅರ್ಧ ಗಂಟೆಯ ಮೇಲೆ ಫೋನ್ ಬಡಿದುಕೊಂಡಿತು. ಮಾವ ಹೊರಗೆ ಬಂದು ಎರಡು ಸಲ ಗಿಡ್ಡಗೆ ಸೀಟಿ ಊದಿದರು. ಕೊಟ್ಟೂರು ಬಸ್ಸು ಹೊರಟಿತು. ಪರೀಕ್ಷೆಗೆ ಹತ್ತು ನಿಮಿಷ ತಡವಾಗಿ ಸೇರಿಕೊಂಡೆ, ಪಾಸೂ ಆದೆ.

ಸಂಜೆ ಕೇಳಿದಾಗ ಬಿಡಿಸಿ ಹೇಳಿದರು. ಫೋನ್ ಹೋದದ್ದು ಕೊಟ್ಟೂರು ನಿಲ್ದಾಣದ ಎದುರಿನ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿಗೆ.

‘ಬಂಗಾರದ ಅಂಗ್ಡಿ ತೆಗೆದ್ರ ನಂಬಬ್ಯಾಡ. ಅವ್ರು ಅರ್ಧ ಶಟರ್ ಎಳ್ಕೊಂಡು ಕುಂತಿರ್ತಾರ. ಬಟ್ಟಿ ಅಂಗ್ಡೀನೂ ನಂಬಬ್ಯಾಡ. ಬಜ್ಜಿ ಮಾಡೋನ್ನ ನೋಡು. ಬಾಣಲಿ ತುಂಬ ಎಣ್ಣಿ ಕಾಯಿಸಿದ ಮ್ಯಾಲೆ ಅದನ್ನ ಹೊತ್ಕೊಂಡು ಓಡಾಕ ಆಗತೈತೇನು? ಓಡೋ ಪ್ರಸಂಗ ಬರಲ್ಲ ಅಂತ ಖಾತ್ರಿ ಆದ ಮ್ಯಾಲೇನ ಅವ ಒಲಿ ಹಚ್ಚೋದು.’

‘ಪೊಲೀಸ್ರನ್ನ ಕೇಳಬಹುದಲ್ಲ ಮಾವ?’

‘ಕೇಳಿದ್ನೆವ್ವ, ಒಂದ್ಸಲ’ ಎಂದು ಸೀಟಿ ಹಿಡಿದು ಬಸ್ಸಿನ ಕಡೆ ಹೊರಟರು.

ಆ ಒಂದು ಸಲದ ಕಥೆಯನ್ನು ಅವ್ವ ಹೇಳಿದಳು. ಮಾವ ಕೆಲಸಕ್ಕೆ ಹೊಸಬರಾಗಿದ್ದಾಗ ಹೀಗೇ ಒಂದು ಗಲಾಟೆ. ಫೋನ್ ಮಾಡಿ ಕೇಳಿದರೆ ಪೊಲೀಸರು ‘ಎಲ್ಲ ಶಾಂತವಾಗಿದೆ, ಬಸ್ ಬಿಡಿ’ ಎಂದರು. ಮಾವ ಸೀಟಿ ಊದಿದರು. ಊರ ಹೊರಗೆ ಮುಂದಿನ ಗಾಜಿಗೆ ಕಲ್ಲು ಬಿದ್ದು ಡ್ರೈವರ್ ಹನುಮಂತಪ್ಪನ ಬಲಗಣ್ಣು ಹೋಯಿತು. ಅಂದಿನಿಂದ ‘ಶಾಂತ’ ಎಂಬ ಪದ ಕೇಳಿದರೆ ಮಾವನಿಗೆ ಸಿಟ್ಟು. ಪೇಪರಿನಲ್ಲಿ ‘ಪರಿಸ್ಥಿತಿ ಶಾಂತ’ ಎಂದು ಬಂದರೆ ಸಾಕು, ಆ ಪುಟವನ್ನು ಮಡಚಿ ಅದರ ಮೇಲೆ ಅವಲಕ್ಕಿ ಸುರುವಿಕೊಂಡು ತಿನ್ನುತ್ತಿದ್ದರು.

ಇನ್ನು ಅವ್ವನ ವಿಷಯ. ಮೂವತ್ತು ವರ್ಷ ಕಾಶ್ಮೀರದ ಸೇಬು ಮಾರಿದವಳು. ಕಟ್ಟಿಗೆ ಪೆಟ್ಟಿಗೆ ಒಡೆದರೆ ಒಣಹುಲ್ಲು, ಅದರೊಳಗೆ ಯಾರಿಗೂ ಓದಲು ಬಾರದ ಲಿಪಿಯ ಕಾಗದ, ಅದರೊಳಗೆ ಹಣ್ಣು. ಅವಳಿಗೆ ಬದುಕಿನಲ್ಲಿ ಒಂದೇ ಆಸೆ ಉಳಿದಿತ್ತು: ಸೇಬು ಗಿಡದಲ್ಲಿ ತೂಗುವುದನ್ನು ನೋಡಬೇಕು. ಕಾಶಿ ಬೇಡ, ರಾಮೇಶ್ವರ ಬೇಡ. ‘ಇಷ್ಟು ವರ್ಷ ನನಗ ಅನ್ನ ಹಾಕಿದ ಗಿಡ. ಒಮ್ಮೆ ಮುಖ ತೋರಿಸಿ ಬರಬೇಕು’ ಎನ್ನುತ್ತಿದ್ದಳು. ಮಂಡಿನೋವು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಇನ್ನು ತಡ ಮಾಡಿದರೆ ಅವಳು ಮೆಟ್ಟಿಲು ಹತ್ತುವುದೂ ಕಷ್ಟವೆಂದು ನನಗೆ ಗೊತ್ತಿತ್ತು.

ನಾವು ಹೊರಡಲು ಯೋಚಿಸಿದ ವರ್ಷವೇ ಕಾಶ್ಮೀರ ಕಣಿವೆಯಲ್ಲಿ ಪ್ರವಾಸಿಗರ ಮೇಲೆ ಉಗ್ರರು ಗುಂಡು ಹಾರಿಸಿದರು. ಟಿವಿ ನೋಡುತ್ತ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಆ ಮಾತು ಅಲ್ಲಿಗೇ ನಿಂತಿತು. ಕೆಲವು ತಿಂಗಳ ಮೇಲೆ ಹರಪನಹಳ್ಳಿಯ ಪ್ರವಾಸದ ಏಜೆಂಟೊಬ್ಬ ನಮ್ಮ ಕಡೆಯ ಇಪ್ಪತ್ತು ಮಂದಿಯನ್ನು ಕೂಡಿಸಿ, ಸೇಬು ಹಣ್ಣಾಗುವ ಹೊತ್ತಿಗೆ ಕರೆದೊಯ್ಯುತ್ತೇನೆ ಎಂದ. ‘ನೂರಕ್ಕ ನೂರು ಸೇಫ್ ರೀ ಮೇಡಂ, ಎಲ್ಲಾ ಶಾಂತ ಐತಿ’ ಎಂದ. ಟಿವಿಯವರು ನಾಳೆಯೇ ಯುದ್ಧ ಎನ್ನುತ್ತಿದ್ದರು. ಸರ್ಕಾರದ ಸೂಚನೆ ಓದಿದರೆ ಹೋಗಿ ಎಂದೂ ಇಲ್ಲ, ಹೋಗಬೇಡಿ ಎಂದೂ ಇಲ್ಲ, ಎಚ್ಚರಿಕೆ ಇರಲಿ ಎಂದಿತ್ತು. ನನಗೆ ತಲೆ ಕೆಟ್ಟುಹೋಯಿತು. ಅವ್ವನದು ಒಂದೇ ಮಾತು: ‘ಕೊಟ್ರಬಸಣ್ಣ ಹೂಂ ಅಂದ್ರ ಹೋಗ್ತೀನಿ.’

ಮಾವ ಆಗ ನಿವೃತ್ತರು. ಸೀಟಿ ಮಾತ್ರ ಇನ್ನೂ ಕೊರಳಲ್ಲೇ ಇತ್ತು. ವಿಷಯ ಕೇಳಿ ಎದ್ದು ಕುಳಿತರು.

‘ಅಲ್ಲಿ ಬಜ್ಜಿ ಅಂಗ್ಡಿ ಯಾರದೈತಿ?’

ನಮ್ಮ ನಿಲ್ದಾಣಕ್ಕೆ ಪ್ರತಿ ಚಳಿಗಾಲ ಶಾಲು ಮಾರಲು ಬರುವ ಬಶೀರ್ ಎಂಬ ಕಾಶ್ಮೀರಿ ಇದ್ದ. ಅವನಿಗೆ ಫೋನ್ ಮಾಡಿ, ಅಲ್ಲಿನ ಬಸ್ ನಿಲ್ದಾಣದ ಹತ್ತಿರ ತಾವರೆ ದಂಟಿನ ಬಜ್ಜಿ ಕರಿಯುವ ಅವನ ದೊಡ್ಡಪ್ಪ ರಶೀದರ ನಂಬರನ್ನು ಮಾವ ಸಂಪಾದಿಸಿದರು. ಅಲ್ಲಿ ಎಣ್ಣೆ ಇಡುವುದು ಮಧ್ಯಾಹ್ನ ನಾಲ್ಕಕ್ಕೆ ಎಂದು ತಿಳಿದು ಸ್ವಲ್ಪ ಬೇಸರಪಟ್ಟುಕೊಂಡರು. ‘ಮುಂಜಾನಿ ಏಳಕ್ಕ ಮೆಣಸಿನಕಾಯಿ ಸಿಗದಂಥ ಊರು! ಹೆಂಗ ಬದುಕ್ಯಾರೋ.’

ಮೊದಲ ಫೋನನ್ನು ನನ್ನೆದುರಿಗೇ ಮಾಡಿದರು.

‘ಹಲೋ, ತೇಲ್ ಗರಮ್ ಹೋಗಯಾ ಕ್ಯಾ ಜೀ?’

ಆ ಕಡೆಯವರು ಫೋನ್ ಇಟ್ಟುಬಿಟ್ಟರು. ಎರಡನೆಯ ಸಲ ‘ಆಪ್ ಕೌನ್?’ ಎಂಬ ಗಡಸು ದನಿ ಬಂತು. ಮಾವ ಕುರ್ಚಿಯಿಂದ ಎದ್ದು ನಿಂತು, ಅಂಗಿ ಸರಿಮಾಡಿಕೊಂಡು, ‘ಮೈ ಕಂಟ್ರೋಲರ್ ಬೋಲ್ ರಹಾ ಹೂಂ. ಕಂಟ್ರೋಲರ್!’ ಎಂದರು.

ಗಡಸು ದನಿ ತಟ್ಟನೆ ಮೆತ್ತಗಾಯಿತು. ‘ತಾಜಾ ತೇಲ್ ಹೈ ಜನಾಬ್! ರೋಜ್ ಬದಲ್ತಾ ಹೂಂ! ಖುದಾ ಕಸಮ್!’

ಕಂಟ್ರೋಲರ್ ಎಂದರೆ ಕಲಬೆರಕೆ ಹಿಡಿಯುವ ಅಧಿಕಾರಿ ಎಂದುಕೊಂಡು, ದಿನಾ ಎಣ್ಣೆ ಬದಲಿಸುತ್ತೇನೆಂದು ಆ ಮನುಷ್ಯ ಆಣೆ ಇಡುತ್ತಿದ್ದಾರೆಂದು ನಾನು ಮಾವನಿಗೆ ಪಿಸುಗುಟ್ಟಿದೆ. ಮಾವ ಫೋನಿಗೆ ಕೈ ಅಡ್ಡ ಹಿಡಿದು, ‘ಅನ್ಕೊಳ್ಲಿ ಬಿಡು. ಹೆದರಿದವ ಸುಳ್ಳು ಹೇಳಂಗಿಲ್ಲ’ ಎಂದರು. ಹೀಗೆ ನಾಲ್ಕು ದಿನ ರಶೀದರು ಎಣ್ಣೆಯ ಬಣ್ಣ, ಹಿಟ್ಟಿನ ಜಾತಿ, ಕೈ ತೊಳೆಯುವ ಸೋಪಿನ ಹೆಸರು ಎಲ್ಲವನ್ನೂ ವರದಿ ಒಪ್ಪಿಸಿದರು. ಐದನೆಯ ದಿನ ಬಶೀರ್ ನಡುವೆ ಬಂದು ಗಂಟು ಬಿಡಿಸಿದ. ರಶೀದರು ಎಷ್ಟು ನಕ್ಕರೆಂದರೆ ಅವರಿಗೆ ಕೆಮ್ಮು ಹತ್ತಿತು. ಅಲ್ಲಿಂದ ಇಬ್ಬರಿಗೂ ಅದು ನಿತ್ಯದ ರೂಢಿಯಾಯಿತು. ನಾಲ್ಕಕ್ಕೆ ಫೋನ್, ‘ಗರಮ್?’, ‘ಗರಮ್!’, ಮುಗಿಯಿತು. ಮಾವ ಹಳೆಯ ರಿಜಿಸ್ಟರ್ ತೆಗೆದು ತಾರೀಖು ಬರೆದು ಎದುರಿಗೆ ‘ಕಾದೈತಿ’ ಎಂದು ಗುಂಡಗೆ ಬರೆಯುತ್ತಿದ್ದರು. ಅವರ ಹೆಂಡತಿ ನಾಗಮ್ಮತ್ತಿ, ‘ನನ್ನ ಒಲಿ ಮ್ಯಾಗ ಏನೈತಿ ಅಂತ ಒಂದಿನ ಕೇಳಿಲ್ಲ ಈ ಮನಷ್ಯ’ ಎಂದು ನನ್ನ ಹತ್ತಿರ ದೂರು ಕೊಟ್ಟರು.

ಅವ್ವ ಸ್ವೆಟರ್ ಕೊಂಡಳು. ಅಭ್ಯಾಸವಾಗಲಿ ಎಂದು ನಮ್ಮೂರಿನ ಬಿಸಿಲಿನಲ್ಲೇ ಅದನ್ನು ಹಾಕಿಕೊಂಡು ಹಣ್ಣು ಮಾರಿದಳು. ಬಸ್ಸಿನವರೆಲ್ಲ ಜ್ವರವೇನೋ ಎಂದು ಕೇಳಿ ಹೋದರು.

ನಾಳೆ ಹೊರಡಬೇಕು ಎನ್ನುವ ದಿನ ನಾಲ್ಕಕ್ಕೆ ಮಾವ ಫೋನ್ ಮಾಡಿದರು. ರಶೀದರ ಬದಲು ಯಾರೋ ಎತ್ತಿ, ಗದ್ದಲದ ನಡುವೆ, ‘ಆಜ್ ತೇಲ್ ನಹೀಂ, ದುಕಾನ್ ಬಂದ್’ ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತುವವರಿಲ್ಲ. ಮಾವ ನಡೆದುಕೊಂಡೇ ನಮ್ಮ ಮನೆಗೆ ಬಂದು, ಕಟ್ಟಿಟ್ಟ ಚೀಲಗಳ ಮುಂದೆ ನಿಂತು, ‘ಬ್ಯಾಡ ಹಾಲಮ್ಮ’ ಎಂದರು.

ಅವ್ವ ಸ್ವೆಟರ್ ಬಿಚ್ಚಿಟ್ಟಳು. ಉಳಿದವರೆಲ್ಲ ಹೋದರು. ಹತ್ತು ದಿನದ ಮೇಲೆ ಕೆಂಪಗೆ ಮೈಕೈ ತುಂಬಿಕೊಂಡು, ಅಕ್ರೋಟಿನ ಪೊಟ್ಟಣ ಹಿಡಿದುಕೊಂಡು ಬಂದರು. ಅವರ ಕೂದಲೂ ಕೊಂಕಿರಲಿಲ್ಲ. ಅಂದು ಎಣ್ಣೆ ಇಡದಿದ್ದಕ್ಕೆ ಕಾರಣವನ್ನೂ ಅವರೇ ಆ ಅಂಗಡಿಯಲ್ಲಿ ಕೇಳಿಕೊಂಡು ತಂದರು: ರಶೀದರ ಮೊಮ್ಮಗಳ ಮದುವೆ.

ನಾನು ಮಾವನ ಮನೆಗೆ ಹೋಗಿ ಕೂಗಾಡಿದೆ. ‘ನಮ್ಮವ್ವನ ಮಂಡಿ ನಿಮ್ಮ ಬಾಣಲಿಗೋಸ್ಕರ ಇನ್ನೊಂದು ವರ್ಷ ಕಾಯ್ತಾವೇನ್ರಿ? ಆ ಎಣ್ಣಿ ನಿಮ್ಮ ತಲಿಗೆ ಹಚ್ಕೋರಿ!’ ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

‘ತಪ್ಪಾತು ಪಾಸು. ಎಣ್ಣಿ ಕೇಳಿದೆ, ಮನಷ್ಯಾನ್ನ ಕೇಳ್ಲಿಲ್ಲ. ಆದ್ರ ನಾ ತಪ್ಪಿದ ಮ್ಯಾಲೂ ನಿಮ್ಮವ್ವ ಇವತ್ತು ಬಾಗ್ಲಾಗ ಕುಂತು ಹಣ್ಣು ಮಾರಾಕತ್ಯಾಳ. ಹನುಮಂತಪ್ಪನ ಕಣ್ಣು ಹಂಗಲ್ಲವ್ವ.’

ನನಗೆ ಆ ಮಾತು ಕೇಳುವ ಮನಸ್ಸಿರಲಿಲ್ಲ. ಎದ್ದು ಬಂದೆ.

ಅದಾದ ಎಷ್ಟೋ ದಿನಕ್ಕೆ ನಿಲ್ದಾಣದಲ್ಲಿ ‘ಏ ಪಾಸು’ ಎಂದು ಕೂಗು ಬಂತು. ಕೇಳಿಸದವಳಂತೆ ಕೂಡ್ಲಿಗಿ ಬಸ್ಸು ಹತ್ತಿ ಆಚೆ ಬದಿಯ ಕಿಟಕಿಗೆ ಮುಖ ತಿರುಗಿಸಿದೆ. ಹಿಂದಿನಿಂದ ಎರಡು ಗಿಡ್ಡ ಸೀಟಿ ಕೇಳಿಸಿತು. ನಿವೃತ್ತರ ಸೀಟಿಗೆ ಡ್ರೈವರ್ ಯಾಕೆ ಹೊರಡಬೇಕೋ, ಹೊರಟೇಬಿಟ್ಟ. ನಾನು ಅವರ ದನಿ ಕೇಳಿದ್ದು ಅದೇ ಕೊನೆ. ಸಂಕ್ರಾಂತಿಯ ಹಿಂದಿನ ವಾರ ಉಂಡು ಒರಗಿದವರು ಏಳಲಿಲ್ಲ. ತಿರುಗಿ ನೋಡಬೇಕಿತ್ತು.

ಮತ್ತೆ ಸೇಬಿನ ಕಾಲ ಬಂತು. ಏಜೆಂಟ್ ಮತ್ತೆ ‘ಶಾಂತ’ ಎಂದ. ಯಾರನ್ನು ಕೇಳುವುದೆಂದು ತಿಳಿಯದೆ ನಾಗಮ್ಮತ್ತಿಯ ಮನೆಗೆ ಹೋದೆ, ಸುಮ್ಮನೆ. ಗೋಡೆಯ ಮೊಳೆಗೆ ಮಾವನ ಸೀಟಿ, ಮೇಜಿನ ಮೇಲೆ ಆ ರಿಜಿಸ್ಟರ್ ಇತ್ತು. ತೆರೆದರೆ ಮಾವ ತೀರಿಕೊಂಡ ತಾರೀಖಿನ ಮುಂದೆಯೂ ಸಾಲುಗಳಿದ್ದವು. ಗುಂಡಗಿನ ಅಕ್ಷರ ಹೋಗಿ ಸೊಟ್ಟ ಅಕ್ಷರ ಬಂದಿತ್ತು, ಅಷ್ಟೇ. ಕಾದೈತಿ, ಕಾದೈತಿ, ಕಾದೈತಿ.

‘ನಾಕಕ್ಕ ಆ ಸಾಬ್ರೇ ಫೋನ್ ಮಾಡ್ತಾರವ್ವ’ ಎಂದರು ಅತ್ತಿ. ‘ನನಗ ಅವ್ರ ಮಾತು ತಿಳಿಯಂಗಿಲ್ಲ, ಅವ್ರಿಗೆ ನಂದು ತಿಳಿಯಂಗಿಲ್ಲ. ಗರಮ್ ಅಂತಾರ. ಆತಪ್ಪ ಅಂತ ಬರಿತೀನಿ. ಇಲ್ಲಿ ನೋಡು, ಈ ನಾಕು ದಿನ ಇಲ್ಲ. ಆರಾಮಿಲ್ಲ ಅಂತ ಕೆಮ್ಮಿ ತೋರಿಸಿದ್ರು.’ ಆ ನಾಲ್ಕು ಸಾಲಿನಲ್ಲಿ ‘ಇಲ್ಲ. ಕೆಮ್ಮು’ ಎಂದು ಬರೆದಿತ್ತು. ಎಣ್ಣೆಯ ಜೊತೆ ಮನುಷ್ಯನನ್ನೂ ವಿಚಾರಿಸುವುದನ್ನು ಮಾವ ಮನೆಯಲ್ಲಿ ಕಲಿಸಿ ಹೋಗಿದ್ದರು.

ನಾವು ಹೋದೆವು. ಅವ್ವ ಮಂಡಿ ಹಿಡಿದುಕೊಂಡೇ ತೋಟಕ್ಕೆ ಇಳಿದಳು. ತೂಗುವ ಸೇಬಿನ ಕೆಳಗೆ ಚಪ್ಪಲಿ ಬಿಟ್ಟು ನಿಂತು ಕೈಮುಗಿದಳು. ಆಮೇಲೆ ಒಂದು ಹಣ್ಣನ್ನು ಬೆರಳಿನಿಂದ ತಟ್ಟಿ ನೋಡಿ, ತೋಟದವನಿಗೆ ಕನ್ನಡದಲ್ಲೇ, ‘ಇನ್ನೂ ಎಂಟು ದಿನ ಬಿಡಪ, ಕಾಯಿ ಕೊಯ್ದು ಕಳಿಸ್ಬ್ಯಾಡ’ ಎಂದು ಮೂವತ್ತು ವರ್ಷದ ತಕರಾರನ್ನು ಹೇಳಿ ಮುಗಿಸಿದಳು.

ಮರುದಿನ ನಾಲ್ಕಕ್ಕೆ ರಶೀದರ ಅಂಗಡಿಯಲ್ಲಿದ್ದೆವು. ರಸ್ತೆಯ ಆಚೆ ಬಂದೂಕು ಹಿಡಿದ ಜವಾನರು ನಿಂತಿದ್ದರು. ಈಚೆ ಬಾಣಲಿಯಲ್ಲಿ ಎಣ್ಣೆ ಕಾಯುತ್ತಿತ್ತು. ನಾವು ಯಾವ ಊರಿನವರೆಂದು ಕೇಳಿದ ಕೂಡಲೇ ರಶೀದರು ಅವ್ವನಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಹಿಟ್ಟಿನ ಕೈ ಒರೆಸಿಕೊಂಡು ನಮ್ಮೂರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

‘ಗರಮ್ ಏನಪ್ಪಾ?’ ಎಂದರು ಆ ಕಡೆಯಿಂದ ನಾಗಮ್ಮತ್ತಿ.

‘ಅತ್ತಿ, ನಾನು... ಪಾಸು’ ಎಂದೆ. ಆ ಹೆಸರನ್ನು ನನ್ನ ಬಾಯಿಂದ ನಾನೇ ಹೇಳಿದ್ದು ಅದೇ ಮೊದಲು. ‘ಕಾದೈತಿ. ಅವ್ವ ಬಜ್ಜಿ ತಿನ್ನಾಕತ್ಯಾಳ.’

‘ತಡಿ’ ಎಂದರು. ಗೋಡೆಯ ಮೊಳೆಯಿಂದ ಏನೋ ತೆಗೆದ ಸದ್ದಾಯಿತು. ಅಭ್ಯಾಸವಿಲ್ಲದ ಉಸಿರಿನಲ್ಲಿ, ಮೊದಲು ಬರೀ ಗಾಳಿ, ಆಮೇಲೆ ಗಿಡ್ಡಗೆ ಎರಡು ಸೀಟಿ ಕೇಳಿಸಿದವು. ಏನದು ಸದ್ದು ಎಂದು ರಶೀದರು ಹುಬ್ಬೇರಿಸಿ ಕೇಳಿದರು. ‘ಅತ್ತಿ, ಇನ್ನೊಮ್ಮೆ ಊದ್ರಿ’ ಎಂದು ಫೋನನ್ನು ಅವರ ಕಿವಿಗೆ ಹಿಡಿದೆ.